ಬರ್ಲಿನ್ನಿನ ಚಿನ್ನದ ಗುಮ್ಮಟದ ಹಿಂದೆ ಖಾಲಿ ಜಾಗ ಯಾಕಿದೆ?

ಪ್ರಶ್ನೆ: ಮಗಳ ಮನೆಗೆಂದು ಬರ್ಲಿನ್‌ಗೆ ಹೋಗಿದ್ದೆ. ಒರಾನಿಯೆನ್‌ಬುರ್ಗರ್ ಬೀದಿಯಲ್ಲಿ ಚಿನ್ನದ ಪಟ್ಟಿಗಳಿರುವ ದೊಡ್ಡ ಗುಮ್ಮಟ ಕಂಡಿತು. ಮಸೀದಿ ಅಂದುಕೊಂಡೆ. ಅಲ್ಲಮ್ಮ, ಯಹೂದಿಗಳ ಸಿನಗಾಗ್ ಅಂದಳು ಮಗಳು. ಒಳಗೆ ಹೋದರೆ ಮ್ಯೂಸಿಯಂ ಇದೆ, ದೊಡ್ಡ ಪ್ರಾರ್ಥನೆಯ ಹಾಲ್ ಮಾತ್ರ ಎಲ್ಲೂ ಇಲ್ಲ. ಹಿಂದೆ ಗಾಜಿನ ಗೋಡೆ, ಅದರಾಚೆ ಖಾಲಿ ಜಾಗ. ಇದು ಪ್ರಗತಿಪರ ಯಹೂದಿಗಳ ಸಿನಗಾಗ್ ಆಗಿತ್ತು ಎಂದು ಗೈಡ್ ಹೇಳಿದರು. ಹಾಗಂದರೆ ಏನು? ಗುಮ್ಮಟ ಯಾಕೆ ಹಾಗಿದೆ? ಹಿಂದೆ ಏನಾಯಿತು? ನಮ್ಮ ದೇಶದಲ್ಲೂ ಇಂಥವರು ಇದ್ದಾರಾ?

ಉತ್ತರ: ನೀವು ನೋಡಿದ್ದು ಬರ್ಲಿನ್ನಿನ ‘ನೋಯೆ ಸಿನಗೋಗೆ’, ಅಂದರೆ ಹೊಸ ಸಿನಗಾಗ್. ಕಟ್ಟಿದ ಕಾಲಕ್ಕೆ ಹೊಸದು. ಅಡಿಗಲ್ಲು ಹಾಕಿದ್ದು 1859ರಲ್ಲಿ, ಬಾಗಿಲು ತೆರೆದದ್ದು 1866ರ ಸೆಪ್ಟೆಂಬರ್ 5ರಂದು. ಇಷ್ಟಪಟ್ಟು ಪಾಠ ಹೇಳುವ ಕಟ್ಟಡಗಳಲ್ಲಿ ನನಗೆ ಇದು ಮೊದಲನೆಯದು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಗುಮ್ಮಟಕ್ಕೂ ‘ಪ್ರಗತಿಪರ’ ಅನ್ನುವ ಮಾತಿಗೂ ನೇರ ಸಂಬಂಧ ಇಲ್ಲ. ಬಹಳ ಜನ ಎರಡನ್ನೂ ಒಂದೇ ಗಂಟು ಕಟ್ಟಿಬಿಡುತ್ತಾರೆ. ಗುಮ್ಮಟ ಊರಿಗೆ ಹೇಳಿದ ಮಾತು. ಪೂಜೆಯ ಪದ್ಧತಿಯಲ್ಲಿ ತಂದ ಬದಲಾವಣೆ ಇದ್ದದ್ದು ಒಳಗೆ, ನೀವು ಹುಡುಕಿ ಸಿಗದೆ ಹೋದ ಆ ದೊಡ್ಡ ಹಾಲ್‌ನಲ್ಲಿ.

ಊರಿಗೆ ಹೇಳಿದ ಮಾತು ಯಾವುದು ಎಂದು ತಿಳಿಯಬೇಕಾದರೆ ಬರ್ಲಿನ್ನಿನ ಹಳೆಯ ಸಿನಗಾಗ್ ನೆನಪಿಸಿಕೊಳ್ಳಬೇಕು. ಅದು 1714ರದ್ದು, ಹೈಡೆರೊಯ್ಟರ್ ಓಣಿಯಲ್ಲಿತ್ತು. ಮನೆಗಳ ಸಾಲಿನ ಹಿಂದೆ, ದೊಡ್ಡ ಬೀದಿಗೆ ಕಾಣದ ಹಾಗೆ ಕಟ್ಟಿದ್ದರು. ಯಹೂದಿಗಳು ಊರಿನಲ್ಲಿ ಇರಬಹುದು, ಆದರೆ ಎದ್ದು ಕಾಣಬಾರದು ಎಂಬ ಕಾಲ ಅದು. 1812ರಲ್ಲಿ, ಬರ್ಲಿನ್ ರಾಜಧಾನಿಯಾಗಿದ್ದ ಪ್ರಷ್ಯಾದ ರಾಜ ಒಂದು ಆಜ್ಞೆ ಹೊರಡಿಸಿ ಯಹೂದಿಗಳನ್ನು ನಾಗರಿಕರೆಂದು ಒಪ್ಪಿದ. ಆದರೂ ಪೂರ್ತಿ ಸಮಾನತೆ ಕಾನೂನಿನಲ್ಲಿ ಬಂದದ್ದು 1869ರಲ್ಲಿ. ಹೊಸ ಸಿನಗಾಗ್ ಎದ್ದು ನಿಂತದ್ದು ಈ ಎರಡು ವರ್ಷಗಳ ನಡುವೆ, ಅರ್ಧ ಹಕ್ಕು ಕೈಗೆ ಸಿಕ್ಕಿ ಇನ್ನರ್ಧಕ್ಕೆ ಕಾಯುತ್ತಿದ್ದ ಹೊತ್ತಿನಲ್ಲಿ. ಇಷ್ಟು ಗೊತ್ತಾದ ಮೇಲೆ ಆ ಗುಮ್ಮಟವನ್ನು ಇನ್ನೊಮ್ಮೆ ನೋಡಿ. ಸುಮಾರು 50 ಮೀಟರ್ ಎತ್ತರ, ಮೈಮೇಲೆ ಚಿನ್ನದ ಪಟ್ಟಿಗಳು, ಎರಡು ಪಕ್ಕಕ್ಕೂ ಸಣ್ಣ ಗುಮ್ಮಟ ಹೊತ್ತ ಗೋಪುರಗಳು. ನಾವೂ ಈ ಊರಿನವರು, ಇನ್ನು ಮನೆಗಳ ಹಿಂದೆ ಅಡಗಿ ಕೂರುವುದಿಲ್ಲ ಅಂದ ಹಾಗಿದೆ.

ವಾಸ್ತುಶಿಲ್ಪಿ ಎಡುವಾರ್ಡ್ ಕ್ನೋಬ್ಲಾಕ್. 1859ರಲ್ಲೇ ಅವರಿಗೆ ಕಾಯಿಲೆಯಾಯಿತು. ಮುಂದಿನ ಕೆಲಸ ನೋಡಿಕೊಂಡವರು ಫ್ರೀಡ್ರಿಶ್ ಆಗಸ್ಟ್ ಸ್ಟ್ಯೂಲರ್, ಬರ್ಲಿನ್ನಿನ ನೋಯೆಸ್ ಮ್ಯೂಸಿಯಂ ಕಟ್ಟಿದವರು. ಇಬ್ಬರೂ ಕ್ರೈಸ್ತರು. ಇಬ್ಬರೂ 1865ರಲ್ಲಿ ತೀರಿಕೊಂಡರು, ಸ್ಟ್ಯೂಲರ್ ಮಾರ್ಚ್‌ನಲ್ಲಿ, ಕ್ನೋಬ್ಲಾಕ್ ಮೇನಲ್ಲಿ. ಮರುವರ್ಷ ಉದ್ಘಾಟನೆಗೆ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಸಮೇತ ಊರಿನ ದೊಡ್ಡವರೆಲ್ಲ ಬಂದರು. ಕಟ್ಟಿದ ಇಬ್ಬರು ಮಾತ್ರ ಇರಲಿಲ್ಲ.

ಕ್ನೋಬ್ಲಾಕ್ ಅವರಿಗೆ ಸಿಕ್ಕ ನಿವೇಶನ ಬಹಳ ತೊಡಕಿನದು. ಬೀದಿಯ ಕಡೆ ಅಗಲ ಕಡಿಮೆ, ಹಿಂದಕ್ಕೆ ಉದ್ದ. ಜೊತೆಗೆ ಹಿಂದಿನ ಭಾಗ ಬೀದಿಗೆ ನೇರವಾಗಿಲ್ಲ, ಒಂದಿಷ್ಟು ಓರೆ. ನೇರ ನಡುಗೆರೆ ಎಳೆದು ಕಟ್ಟಿದರೆ ಒಂದೋ ಮುಂಭಾಗ ಸೊಟ್ಟ, ಇಲ್ಲವೇ ಹಾಲ್ ಸೊಟ್ಟ. ಅವರು ಏನು ಮಾಡಿದರು ಗೊತ್ತಾ? ಬಾಗಿಲು ದಾಟಿದ ಕೂಡಲೇ ಒಂದು ದುಂಡು ಮೊಗಸಾಲೆ ಇಟ್ಟರು. ದುಂಡು ಕೋಣೆಗೆ ಇದೇ ಮುಂದು, ಇದೇ ಹಿಂದು ಎಂದಿಲ್ಲ. ಒಂದು ಕಡೆಯಿಂದ ಒಳಗೆ ಬಂದು ಸ್ವಲ್ಪ ತಿರುಗಿ ಇನ್ನೊಂದು ಕಡೆಯಿಂದ ಹೊರಟರೆ ತಿರುಗಿದ್ದೇ ಗೊತ್ತಾಗುವುದಿಲ್ಲ. ವಿದ್ಯಾರ್ಥಿಗಳಿಗೆ ನಾನು ಈ ನಕ್ಷೆ ಬಿಡಿಸಿ ತೋರಿಸುತ್ತೇನೆ. ಮೊಗಸಾಲೆಯ ವೃತ್ತ ಬರೆದ ಕೂಡಲೇ ತರಗತಿಯಲ್ಲಿ ಯಾರಾದರೊಬ್ಬರು ‘ಓ!’ ಅನ್ನುತ್ತಾರೆ.

ಆ ಮೊಗಸಾಲೆ ಆದ ಮೇಲೆ ವಾರದ ದಿನಗಳ ಪ್ರಾರ್ಥನೆಗೆ ಒಂದು ಸಣ್ಣ ಕೋಣೆ. ಅದನ್ನು ದಾಟಿದರೆ ದೊಡ್ಡ ಹಾಲ್. ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಚಿನ್ನದ ಗುಮ್ಮಟ ಇರುವುದು ದೊಡ್ಡ ಹಾಲ್‌ನ ಮೇಲಲ್ಲ. ಅದು ಮುಂದಿನ ಮೊಗಸಾಲೆಯ ಮೇಲಿದೆ. ಹಾಲ್‌ನ ಮೇಲೆ ಇಟ್ಟಿದ್ದರೆ ಇಕ್ಕಟ್ಟು ಬೀದಿಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಪ್ರಾರ್ಥನೆಗೆ ಬಂದವರಿಗಿಂತ ಬೀದಿಯಲ್ಲಿ ಹೋಗುವವರಿಗೆ ಕಾಣಲಿ ಎಂದೇ ಅದನ್ನು ಮುಂದಕ್ಕೆ ತಂದರು. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಖಾಲಿ ಜಾಗದ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಈಗ, ಮಸೀದಿಯ ಹಾಗೆ ಯಾಕೆ ಕಾಣುತ್ತದೆ ಅನ್ನುವುದು. ನಿಮ್ಮ ಕಣ್ಣು ಸರಿಯಾಗೇ ನೋಡಿದೆ. ಶೈಲಿ ಸ್ಪೇನ್‌ನ ಮುಸ್ಲಿಂ ಅರಸರ ಕಾಲದ್ದು. ಗ್ರನಾಡಾದ ಆಲ್‌ಹಂಬ್ರ ಅರಮನೆಯ ಕಮಾನು, ಜಾಲರಿ, ಬಣ್ಣದ ಸಾಲುಗಳು ಇಲ್ಲಿ ಇಟ್ಟಿಗೆಗೆ ಬಂದಿವೆ. ಮುಂದಿನ ಗೋಡೆಯ ಹತ್ತಿರ ನಿಂತು ನೋಡಿದರೆ ಬೇರೆ ಬೇರೆ ಬಣ್ಣದ ಇಟ್ಟಿಗೆ, ನಡುನಡುವೆ ಹೊಳಪು ಕೊಟ್ಟ ಇಟ್ಟಿಗೆಯ ಪಟ್ಟಿ, ಅಚ್ಚೊತ್ತಿದ ಸುಟ್ಟ ಮಣ್ಣಿನ ಹೂಬಳ್ಳಿ ಕಾಣುತ್ತವೆ.

ಇದನ್ನೇ ಯಾಕೆ ಆರಿಸಿಕೊಂಡರು? ಆಗ ಜರ್ಮನಿಯಲ್ಲಿ ಚೂಪು ಕಮಾನಿನ ಗಾಥಿಕ್ ಅಂದರೆ ಚರ್ಚ್ ಎಂದೇ ಲೆಕ್ಕ. ಗ್ರೀಕ್ ಕಂಬಗಳು ಅಂದರೆ ಸರ್ಕಾರಿ ಕಟ್ಟಡ, ಮ್ಯೂಸಿಯಂ. ಯಹೂದಿಗಳ ಪೂಜಾಸ್ಥಳಕ್ಕೆ ಅಂತಲೇ ಒಂದು ಮುಖ ಬೇಕಿತ್ತು. ಸ್ಪೇನ್‌ನಲ್ಲಿ ಮುಸ್ಲಿಂ ಅರಸರ ಕೆಳಗೆ ಯಹೂದಿ ಕವಿಗಳು, ವೈದ್ಯರು, ಮಂತ್ರಿಗಳು ಮೆರೆದ ಕಾಲವೊಂದಿತ್ತು ಎಂಬ ನೆನಪು 19ನೇ ಶತಮಾನದ ಜರ್ಮನ್ ಯಹೂದಿಗಳಲ್ಲಿ ಬಹಳ ಗಟ್ಟಿಯಾಗಿತ್ತು. ಟೊಲೇಡೊದಲ್ಲಿ ಅದೇ ಶೈಲಿಯ ಹಳೆಯ ಸಿನಗಾಗ್‌ಗಳು ಇವತ್ತಿಗೂ ನಿಂತಿವೆ. 1492ರಲ್ಲಿ ಯಹೂದಿಗಳನ್ನು ಸ್ಪೇನ್‌ನಿಂದ ಓಡಿಸುವವರೆಗಿನ ಆ ಬದುಕು ಇವರಿಗೆ ಮಾದರಿಯಾಗಿತ್ತು. ಬರ್ಲಿನ್ ಮೊದಲೂ ಅಲ್ಲ. 1840ರಲ್ಲಿ ಡ್ರೆಸ್ಡೆನ್‌ನಲ್ಲಿ ಗಾಟ್‌ಫ್ರೀಡ್ ಸೆಂಪರ್ ಸಿನಗಾಗ್‌ನ ಒಳಗೆ ಈ ಅಲಂಕಾರ ತಂದಿದ್ದರು. 1855ರಲ್ಲಿ ಲೈಪ್‌ಜಿಗ್, 1859ರಲ್ಲಿ ಬುಡಾಪೆಸ್ಟ್. ಹೊಸ ಸಿನಗಾಗ್ ತೆರೆದ ವರ್ಷವೇ ಅಮೆರಿಕದ ಸಿನ್ಸಿನಾಟಿಯಲ್ಲೂ ಸುಧಾರಣಾವಾದಿಗಳು, ಅಂದರೆ ನಿಮ್ಮ ಗೈಡ್ ಹೇಳಿದ ಪ್ರಗತಿಪರರು, ಇದೇ ಛಾಯೆಯ ಸಿನಗಾಗ್ ತೆರೆದರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ನಾವು ಜರ್ಮನ್ನರು ಅನ್ನುವವರು ಪರದೇಶದ ವೇಷದ ಕಟ್ಟಡ ಯಾಕೆ ಕಟ್ಟುತ್ತಾರೆ ಎಂದು ಯಹೂದಿ ದ್ವೇಷಿಗಳು ಕೇಳಿದರು. ಪೌಲ್ ಡಿ ಲಗಾರ್ಡೆ ಎಂಬ ವಿದ್ವಾಂಸನ ದೂರು ಇದೇ ಆಗಿತ್ತು. ನನಗೆ ಈ ವಾದ ಯಾವತ್ತೂ ಸರಿ ಕಂಡಿಲ್ಲ. ಅಡಗಿ ಕೂತರೆ ಅನುಮಾನ, ಎದ್ದು ಕಂಡರೆ ಅಹಂಕಾರ ಎಂದರೆ ಮನುಷ್ಯ ಎಲ್ಲಿ ನಿಲ್ಲಬೇಕು ಹೇಳಿ?

ಗುಮ್ಮಟದ ಹೊರಗೆ ಹಳೆಯ ಸ್ಪೇನ್ ಇದ್ದರೆ ಅದರ ಎಲುಬು ಆ ಕಾಲಕ್ಕೆ ಅಪ್ಪಟ ಹೊಸದು. ಯೋಹಾನ್ ವಿಲ್‌ಹೆಲ್ಮ್ ಶ್ವೇಡ್ಲರ್ ಎಂಬ ಎಂಜಿನಿಯರ್ ಗುಮ್ಮಟಕ್ಕೆ ಹಗುರವಾದ ಚೌಕಟ್ಟು ರೂಪಿಸಿದರು. ಒಳಗಿನ ಹಾಲ್‌ನಲ್ಲೂ ಗ್ಯಾಲರಿಗಳನ್ನು ಹೊತ್ತದ್ದು ತೆಳ್ಳನೆಯ ಕಬ್ಬಿಣದ ಕಂಬಗಳು. ಕಲ್ಲಿನ ದಪ್ಪ ಕಂಬ ಹಾಕಿದ್ದರೆ ಹಿಂದೆ ಕೂತವರಿಗೆ ಏನೂ ಕಾಣುತ್ತಿರಲಿಲ್ಲ. ಒಟ್ಟು 3,200 ಆಸನಗಳು. ಆಗ ಜರ್ಮನಿಯಲ್ಲೇ ಅತಿ ದೊಡ್ಡ ಸಿನಗಾಗ್ ಇದಾಗಿತ್ತು.

ಸರಿ, ಈಗ ಒಳಗೆ ಹೋಗೋಣ. ‘ಪ್ರಗತಿಪರ’ ಎಂಬ ಮಾತು ಇಲ್ಲಿಂದ ಶುರು.

ಸಾಂಪ್ರದಾಯಿಕ ಸಿನಗಾಗ್‌ನಲ್ಲಿ ತೋರಾ, ಅಂದರೆ ಯಹೂದಿಗಳ ಧರ್ಮಗ್ರಂಥ, ಓದುವ ಜಗಲಿ ನಟ್ಟನಡುವೆ ಇರುತ್ತದೆ. ಜನ ಸುತ್ತ ಕೂರುತ್ತಾರೆ. ತೋರಾ ಸುರುಳಿಗಳನ್ನು ಇಡುವ ಪವಿತ್ರ ಪೆಟ್ಟಿಗೆ ಎದುರಿನ ಗೋಡೆಯಲ್ಲಿ ಇರುತ್ತದೆ. ಸುಧಾರಣಾವಾದಿಗಳು ಜಗಲಿಯನ್ನು ಮುಂದಕ್ಕೆ ಒಯ್ದು ಪೆಟ್ಟಿಗೆಯ ಪಕ್ಕಕ್ಕೆ ಸೇರಿಸಿದರು. ಆಗ ಎಲ್ಲರ ಮುಖವೂ ಒಂದೇ ಕಡೆ, ಬೆಂಚುಗಳು ಸಾಲಾಗಿ. ಪ್ರವಚನ ಜರ್ಮನ್ ಭಾಷೆಯಲ್ಲಿ, ಎಲ್ಲರಿಗೂ ಅರ್ಥವಾಗುವ ಹಾಗೆ. ನಾಲ್ಕು ದನಿಗಳಲ್ಲಿ ಹಾಡುವ ತಂಡ. ಎಲ್ಲಕ್ಕಿಂತ ದೊಡ್ಡ ಜಗಳಕ್ಕೆ ಕಾರಣವಾದದ್ದು ಆರ್ಗನ್ ಎಂಬ ಗಾಳಿಕೊಳವೆಗಳ ದೊಡ್ಡ ವಾದ್ಯ.

ಒಂದು ವಾದ್ಯಕ್ಕೆ ಅಷ್ಟು ಜಗಳ ಯಾಕೆ ಅನ್ನಿಸಬಹುದು. ವಿಶ್ರಾಂತಿಯ ದಿನವಾದ ಶನಿವಾರ, ಅಂದರೆ ಸಬ್ಬತ್ ದಿನ, ವಾದ್ಯ ನುಡಿಸಬಾರದು ಎಂಬುದು ಹಳೆಯ ನಿಯಮ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ದುಃಖಕ್ಕೆ ಪೂಜೆಯಲ್ಲಿ ವಾದ್ಯ ಬಿಟ್ಟಿದ್ದೇವೆ ಎಂಬ ಭಾವನೆಯೂ ಇತ್ತು. ಮೇಲಾಗಿ ಆರ್ಗನ್ ಅಂದರೆ ಚರ್ಚ್‌ನದು. ಸುಧಾರಣೆಯ ಕಡೆಯವರು ಮಾತ್ರ, ಸಂಗೀತ ಇಲ್ಲದೆ ಗುಜುಗುಜು ಪ್ರಾರ್ಥನೆ ಮಾಡಿದರೆ ಮಕ್ಕಳು ಸಿನಗಾಗ್ ಕಡೆ ತಲೆಯೂ ಹಾಕುವುದಿಲ್ಲ ಎಂದು ಹೆದರಿದ್ದರು. ಇಸ್ರಯೇಲ್ ಯಾಕೊಬ್‌ಸನ್ ಎಂಬ ಶ್ರೀಮಂತರು 1810ರಲ್ಲೇ ಜೇಸೆನ್ ಎಂಬ ಸಣ್ಣ ಊರಿನಲ್ಲಿ ಆರ್ಗನ್ ಇಟ್ಟು ಜರ್ಮನ್ ಪ್ರವಚನ ಶುರು ಮಾಡಿದ್ದರು. ಆಮೇಲೆ ಬರ್ಲಿನ್‌ಗೆ ಬಂದು 1815ರಲ್ಲಿ ಮನೆಯಲ್ಲೇ ಇಂಥ ಪ್ರಾರ್ಥನೆ ನಡೆಸಿದರು. ಪ್ರಷ್ಯಾದ ರಾಜ 1823ರಲ್ಲಿ ಅದನ್ನೆಲ್ಲ ನಿಲ್ಲಿಸಿಬಿಟ್ಟ. ಅಷ್ಟರಲ್ಲಿ, 1818ರಲ್ಲಿ, ಹ್ಯಾಂಬರ್ಗ್‌ನವರು ತಮ್ಮದೇ ಹೊಸ ಪ್ರಾರ್ಥನಾ ಮಂದಿರ ತೆರೆದಿದ್ದರು.

ಹೊಸ ಸಿನಗಾಗ್‌ನಲ್ಲಿ ಆರ್ಗನ್ ಬೇಕೇ ಬೇಡವೇ ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ಬರ್ಲಿನ್ನಿನ ಗೌರವಾನ್ವಿತ ರಬ್ಬಿ (ಧರ್ಮಗುರು) ಮಿಖಾಯೆಲ್ ಸಾಕ್ಸ್ ಕೊನೆಯವರೆಗೂ ಒಪ್ಪಲಿಲ್ಲ. ಅವರು 1864ರಲ್ಲಿ ತೀರಿಕೊಂಡರು. ಆರ್ಗನ್ ಬಂತು. ಬದಲಾವಣೆ ಒಪ್ಪದವರು 1869ರಲ್ಲಿ ಅದಾಸ್ ಯಿಸ್ರೋಯೆಲ್ ಎಂಬ ಬೇರೆ ಸಭೆಯನ್ನೇ ಕಟ್ಟಿಕೊಂಡರು. ಮನೆ ಒಡೆದ ನೋವು ಎರಡೂ ಕಡೆ ಇತ್ತು. ಸಾಕ್ಸ್ ಅವರಂಥವರನ್ನು ಬರೀ ಹಟಮಾರಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಆರ್ಗನ್ ಜೊತೆಗೆ ಬಂದವರು ಲೂಯಿ ಲೆವಾಂಡೋವ್‌ಸ್ಕಿ. ಅವರು ಇಲ್ಲಿನ ಹಾಡುಗಾರರ ತಂಡದ ಮುಖ್ಯಸ್ಥರು. ಹಳೆಯ ಯಹೂದಿ ರಾಗಗಳನ್ನು ತಂಡ ಮತ್ತು ಆರ್ಗನ್‌ಗೆ ಹೊಂದಿಸಿ ಹೊಸ ಸಂಗೀತ ಬರೆದರು. ಈ ಹಾಲ್‌ನಲ್ಲಿ ಹುಟ್ಟಿ ಬೆಳೆದ ಅವರ ಧಾಟಿಗಳನ್ನು ಇವತ್ತು ಜಗತ್ತಿನ ಎಷ್ಟೋ ಸಿನಗಾಗ್‌ಗಳಲ್ಲಿ ಹಾಡುತ್ತಾರೆ, ಆರ್ಗನ್ ಇಟ್ಟುಕೊಳ್ಳದ ಕಡೆಗಳಲ್ಲೂ. ಕಟ್ಟಡ ಹೋದರೂ ಅದರ ದನಿ ಉಳಿಯಿತು ಅನ್ನುವುದು ನನಗೆ ದೊಡ್ಡ ಸಮಾಧಾನ.

ಒಂದು ತಪ್ಪು ಕಲ್ಪನೆ ಬೇಡ. ಇಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತಿರಲಿಲ್ಲ. ಹೆಂಗಸರಿಗೆ ಮೇಲಿನ ಗ್ಯಾಲರಿ. ಇದು ಮಿತವಾದ ಸುಧಾರಣೆ. ಇದಕ್ಕಿಂತ ಬಹಳ ಮುಂದೆ ಹೋದ ಇನ್ನೊಂದು ಸಭೆ ಕೆಲವೇ ನಿಮಿಷದ ದಾರಿಯಲ್ಲಿ, ಯೋಹಾನಿಸ್ ಬೀದಿಯಲ್ಲಿತ್ತು. ಅವರು ತಲೆಗೆ ಟೋಪಿ ಇಲ್ಲದೆ, ಭಾನುವಾರ ಪ್ರಾರ್ಥನೆ ಮಾಡುತ್ತಿದ್ದರು. ಹೊಸ ಸಿನಗಾಗ್ ಇದ್ದದ್ದು ನಡುದಾರಿಯಲ್ಲಿ. 1870ರಲ್ಲಿ ಇಲ್ಲಿಗೆ ರಬ್ಬಿಯಾಗಿ ಬಂದ ಅಬ್ರಹಾಂ ಗೈಗರ್ ಸುಧಾರಣಾ ಪಂಥದ ದೊಡ್ಡ ಚಿಂತಕರು. ಧರ್ಮವೂ ಕಾಲಕಾಲಕ್ಕೆ ಬೆಳೆದುಬಂದದ್ದು, ಹಾಗಾಗಿ ಮುಂದೆಯೂ ಬೆಳೆಯಬಹುದು ಎಂಬುದು ಅವರ ವಾದದ ತಿರುಳು. ‘ಪ್ರಗತಿಪರ’ ಎಂಬ ಪದಕ್ಕೆ ನಿಮ್ಮ ಗೈಡ್ ಇಟ್ಟುಕೊಂಡ ಅರ್ಥ ಇದೇ ಇರಬೇಕು.

1930ರ ಜನವರಿ 29ರ ಸಂಜೆ ಈ ಹಾಲ್‌ನಲ್ಲಿ ಒಂದು ಸಂಗೀತ ಕಚೇರಿ ನಡೆಯಿತು. ಪಿಟೀಲು ನುಡಿಸಿದವರಲ್ಲಿ ಒಬ್ಬರು ಆಲ್ಬರ್ಟ್ ಐನ್‌ಸ್ಟೈನ್. ತಲೆಗೆ ಪುಟ್ಟ ಟೋಪಿ ಹಾಕಿಕೊಂಡು ಕೂತಿರುವ ಅವರ ಫೋಟೊ ಇದೆ. ಮೂರು ವರ್ಷದಲ್ಲಿ ಹಿಟ್ಲರ್ ಬಂದ, ಐನ್‌ಸ್ಟೈನ್ ಜರ್ಮನಿ ಬಿಟ್ಟರು. ಆಗ ಬರ್ಲಿನ್ನಿನಲ್ಲಿ ಸುಮಾರು 1,60,000 ಯಹೂದಿಗಳಿದ್ದರು.

1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಉದ್ದಗಲಕ್ಕೂ ಸಿನಗಾಗ್‌ಗಳು ಉರಿದವು. ನಾಜಿ ಗುಂಪು ಇಲ್ಲಿಗೂ ನುಗ್ಗಿ ಮೊಗಸಾಲೆಯಲ್ಲಿ ಬೆಂಕಿ ಹಚ್ಚಿತು. ಆಗ ಹತ್ತಿರದ ಪೊಲೀಸ್ ಠಾಣೆಯಿಂದ ಓಟೊ ಬೆಲ್‌ಗಾರ್ಟ್ ಎಂಬ ಅಧಿಕಾರಿ ಬಂದರು. ಇದು ಸರ್ಕಾರ ರಕ್ಷಿಸಿರುವ ಸ್ಮಾರಕ ಎಂದು ಹೇಳಿ, ಪಿಸ್ತೂಲು ತೋರಿಸಿ ಗುಂಪನ್ನು ಹೊರಗೆ ಹಾಕಿದರು. ಅಗ್ನಿಶಾಮಕ ದಳ ಬಂದು ಬೆಂಕಿ ಆರಿಸಿತು. ಠಾಣೆಯ ಮುಖ್ಯಸ್ಥ ವಿಲ್‌ಹೆಲ್ಮ್ ಕ್ರ್ಯುಟ್ಸ್‌ಫೆಲ್ಡ್ ಆಮೇಲೆ ಮೇಲಧಿಕಾರಿಯ ಮುಂದೆ ಹೋಗಿ ಬೈಗುಳ ತಿಂದರು, ತಮ್ಮ ಅಧಿಕಾರಿಯನ್ನು ಬಿಟ್ಟುಕೊಡಲಿಲ್ಲ. ಆ ರಾತ್ರಿ ಬರ್ಲಿನ್ನಿನಲ್ಲಿ ಕಾನೂನು ಪುಸ್ತಕವನ್ನು ಹಾಗೆ ಎತ್ತಿ ಹಿಡಿದವರು ಎಷ್ಟು ಕಡಿಮೆ ಅಂದರೆ, ಈ ಇಬ್ಬರ ಹೆಸರನ್ನು ನಾನು ಪ್ರತಿ ಸಲವೂ ಹೇಳುತ್ತೇನೆ.

ಇಂಟರ್ನೆಟ್‌ನಲ್ಲಿ ಈ ಕಟ್ಟಡ ಧಗಧಗ ಉರಿಯುವ ಒಂದು ಫೋಟೊ ಓಡಾಡುತ್ತದೆ, ಆ ರಾತ್ರಿಯದು ಎಂದು. ನಂಬಬೇಡಿ. ಅದು ಯುದ್ಧ ಮುಗಿದ ಮೇಲೆ ತೆಗೆದ ಫೋಟೊಗೆ ಬೆಂಕಿ ಹೊಗೆ ಸೇರಿಸಿ ತಿದ್ದಿದ್ದು.

1939ರಲ್ಲಿ ಮತ್ತೆ ಪ್ರಾರ್ಥನೆ ಶುರುವಾಯಿತು. 1940ರಲ್ಲಿ ಸೇನೆ ಕಟ್ಟಡ ವಶಪಡಿಸಿಕೊಂಡು ಸಮವಸ್ತ್ರದ ಗೋದಾಮು ಮಾಡಿತು. ದೊಡ್ಡ ಪೆಟ್ಟು ಬಿದ್ದದ್ದು 1943ರ ನವೆಂಬರ್‌ನಲ್ಲಿ, ಬ್ರಿಟಿಷ್ ವಿಮಾನಗಳ ಬಾಂಬ್ ದಾಳಿಯಲ್ಲಿ. ಯುದ್ಧ ಮುಗಿದಾಗ ಹಾಲ್ ಪಾಳುಬಿದ್ದಿತ್ತು. ಅದು ಪೂರ್ವ ಬರ್ಲಿನ್‌ಗೆ ಸೇರಿದ ಜಾಗ. ಅಲ್ಲಿ ಉಳಿದ ಯಹೂದಿ ಸಮುದಾಯ ಬಹಳ ಸಣ್ಣದು. 3,200 ಜನರ ಹಾಲ್ ಮತ್ತೆ ಕಟ್ಟಿದರೆ ತುಂಬಲು ಜನರೇ ಇಲ್ಲ. 1958ರಲ್ಲಿ ಹಾಲ್‌ನ ಅವಶೇಷವನ್ನು ಕೆಡವಿದರು. ಬೀದಿಯ ಕಡೆಯ ಭಾಗವನ್ನು ನೆನಪಿಗೆಂದು ಬಿಟ್ಟರು. ನೀವು ಕೇಳಿದ ಖಾಲಿ ಜಾಗ ಅದೇ.

1966ಕ್ಕೆ ನೂರು ವರ್ಷ ತುಂಬಿದಾಗ ಗೋಡೆಗೆ ಒಂದು ಫಲಕ ಹಾಕಿದರು. ‘ಇದನ್ನು ಎಂದಿಗೂ ಮರೆಯಬೇಡಿ’ ಎಂದು ಅದರಲ್ಲಿದೆ. ಮತ್ತೆ ಕಟ್ಟುವ ಕೆಲಸ ಶುರುವಾದದ್ದು 1988ರಲ್ಲಿ, ಬೆಂಕಿಯ ರಾತ್ರಿಗೆ 50 ವರ್ಷ ತುಂಬಿದ ನೆನಪಿಗೆ. ಮರುವರ್ಷ ಊರನ್ನು ಸೀಳಿದ್ದ ಬರ್ಲಿನ್ ಗೋಡೆ ಬಿತ್ತು, ಎರಡು ಜರ್ಮನಿ ಒಂದಾಯಿತು, ಕೆಲಸ ಮಾತ್ರ ನಿಲ್ಲಲಿಲ್ಲ. 1991ರಲ್ಲಿ ಗುಮ್ಮಟದ ತುದಿಗೆ ಮತ್ತೆ ಯಹೂದಿಗಳ ಗುರುತಾದ ದಾವೀದನ ನಕ್ಷತ್ರ ಏರಿತು. 1995ರ ಮೇ 7ರಂದು ‘ಚೆಂಟ್ರುಂ ಯುಡಾಯಿಕುಂ’ ಎಂಬ ಹೆಸರಿನಲ್ಲಿ ಮ್ಯೂಸಿಯಂ ತೆರೆಯಿತು.

ಹಾಲ್ ಮತ್ತೆ ಕಟ್ಟಲಿಲ್ಲ. ಆ ತೀರ್ಮಾನ ಸರಿ ಎಂದೇ ನನ್ನ ಅಭಿಪ್ರಾಯ. ಸುಮ್ನೆ ಹೊಸದಾಗಿ ಕಟ್ಟಿ ಬಣ್ಣ ಬಳಿದಿದ್ದರೆ ಏನೂ ಆಗಿಯೇ ಇಲ್ಲ ಅನ್ನಿಸಿಬಿಡುತ್ತಿತ್ತು. ನೀವು ನೋಡಿದ ಗಾಜಿನ ಗೋಡೆ, ಮುರಿದ ಅಂಚನ್ನು ಮುರಿದ ಹಾಗೇ ಹಿಡಿದು ನಿಲ್ಲಿಸಿದೆ. ಹೊರಗೆ ನೆಲದಲ್ಲಿ ಕಲ್ಲಿನ ಸಾಲು ಹಾಕಿ ಹಾಲ್ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಗುರುತು ಮಾಡಿದ್ದಾರೆ. ಮೊದಲ ಸಲ ಹೋದಾಗ ನಾನು ಆ ಸಾಲಿನ ಗುಂಟ ಒಂದು ಸುತ್ತು ನಡೆದೆ. ಹೆಜ್ಜೆ ಎಣಿಸಲು ಶುರು ಮಾಡಿ, ಅರ್ಧದಲ್ಲಿ ಲೆಕ್ಕ ಬಿಟ್ಟೆ. ಮುಂಭಾಗದಲ್ಲೂ ಗಮನಿಸಿ ನೋಡಿದರೆ ಹಳೆಯ ಇಟ್ಟಿಗೆ ಯಾವುದು, ರಿಪೇರಿಯ ಇಟ್ಟಿಗೆ ಯಾವುದು ಎಂದು ಗೊತ್ತಾಗುತ್ತದೆ. ಬೇಕೆಂದೇ ಹಾಗೆ ಬಿಟ್ಟಿದ್ದಾರೆ.

ಮ್ಯೂಸಿಯಂನಲ್ಲಿ ಒಂದು ದೀಪ ಇದೆ, ನೋಡಿದಿರಾ? ಸಿನಗಾಗ್‌ನಲ್ಲಿ ಪವಿತ್ರ ಪೆಟ್ಟಿಗೆಯ ಮುಂದೆ ಸದಾ ಉರಿಯುವ ದೀಪ ಇರುತ್ತದೆ. ಹೀಬ್ರೂನಲ್ಲಿ ‘ನೇರ್ ತಮೀದ್’. ನಮ್ಮ ನಂದಾದೀಪವೇ. 1989ರಲ್ಲಿ ಕಟ್ಟಡದ ಕೆಲಸ ಮಾಡುವಾಗ ಅದು ಕಾಂಕ್ರೀಟಿನಲ್ಲಿ ಹೂತುಹೋದ ಸ್ಥಿತಿಯಲ್ಲಿ ಸಿಕ್ಕಿತು. ಜಜ್ಜಿದೆ, ಬಾಗಿದೆ. ಅದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಅದೇ ಸಂಸ್ಥೆಯ ದಾಖಲೆಗಳಲ್ಲಿ ರೆಗೀನಾ ಯೋನಾಸ್ ಅವರ ಕಾಗದಪತ್ರಗಳಿವೆ. ಬರ್ಲಿನ್ನಿನ ಹುಡುಗಿ. ಈ ಸಿನಗಾಗ್‌ನ ಹತ್ತಿರವೇ ಇದ್ದ ಸುಧಾರಣಾ ವಿದ್ಯಾಪೀಠದಲ್ಲಿ ಓದಿದವರು. 1935ರಲ್ಲಿ ಅವರು ಜಗತ್ತಿನ ಮೊದಲ ಮಹಿಳಾ ರಬ್ಬಿಯಾದರು. 1944ರಲ್ಲಿ ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಸ್‌ನಲ್ಲಿ ಅವರನ್ನು ಕೊಂದರು. ಈ ಕಾಗದಗಳು ಕಣ್ಣಿಗೆ ಬೀಳುವವರೆಗೆ, ಅಂದರೆ 1990ರ ದಶಕದ ಮೊದಲವರೆಗೆ, ಅವರ ಹೆಸರು ಹೆಚ್ಚುಕಡಿಮೆ ಮರೆತೇಹೋಗಿತ್ತು. ಈಗ ಇದೇ ಕಟ್ಟಡದ ಮೇಲಿನ ಮಹಡಿಯ ಸಣ್ಣ ಕೋಣೆಯಲ್ಲಿ ಪ್ರಾರ್ಥನೆ ನಡೆಯುತ್ತದೆ. ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತಾರೆ. 2007ರಲ್ಲಿ ಅಲ್ಲಿಗೆ ರಬ್ಬಿಯಾಗಿ ಬಂದದ್ದೂ ಒಬ್ಬ ಹೆಣ್ಣುಮಗಳೇ, ಗೆಸಾ ಎಡರ್‌ಬೆರ್ಗ್.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹೌದು, ನಮ್ಮ ದೇಶದಲ್ಲೂ ಇದ್ದಾರೆ. ಅದನ್ನು ಶುರು ಮಾಡಿದವರು ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ!

ಡಾ. ಜೆರೂಶಾ ಝಿರಾಡ್, 1890ರಲ್ಲಿ ಹುಟ್ಟಿದವರು. ಕೊಂಕಣ ಕರಾವಳಿಯ ಬೆನೆ ಇಸ್ರಯೇಲ್ ಯಹೂದಿ ಸಮುದಾಯದವರು. ಬಾಂಬೆಯಲ್ಲಿ ವೈದ್ಯಕೀಯ ಓದಿ, ಸ್ಕಾಲರ್‌ಶಿಪ್ ಪಡೆದು ಲಂಡನ್‌ಗೆ ಹೋಗಿ ಹೆರಿಗೆ ಮತ್ತು ಸ್ತ್ರೀರೋಗ ವಿಷಯದಲ್ಲಿ ಎಂ.ಡಿ. ಮಾಡಿದರು. ವಾಪಸು ಬಂದ ಮೇಲೆ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲೂ ಕೆಲವು ವರ್ಷ ಕೆಲಸ ಮಾಡಿದ್ದರು. ಆಮೇಲೆ ಬಾಂಬೆಯ ಕಾಮಾ ಆಸ್ಪತ್ರೆಯ ಮುಖ್ಯಸ್ಥರಾದರು. 1966ರಲ್ಲಿ ಪದ್ಮಶ್ರೀ ಬಂತು. ಲಂಡನ್‌ನಲ್ಲಿದ್ದಾಗ ಅವರಿಗೆ ಲಿಲಿ ಮಾಂಟಗು ಅವರ ಪರಿಚಯವಾಯಿತು. ಅಲ್ಲಿ ಪ್ರಗತಿಪರ ಯಹೂದಿ ಸಭೆಯನ್ನು ಕಟ್ಟಿ ಬೆಳೆಸಿದ ಮಹಿಳೆ ಅವರು. ಅದೇ ಪ್ರೇರಣೆಯಿಂದ ಝಿರಾಡ್ 1925ರಲ್ಲಿ ಬಾಂಬೆಯಲ್ಲಿ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಆರಂಭಿಸಿದರು. ಅದರ ಸಿನಗಾಗ್ ಮುಂಬೈನ ಬೈಕುಲ್ಲಾದಲ್ಲಿದೆ. ಹೆಸರು ರೋದೆಫ್ ಶಾಲೋಮ್, ಅಂದರೆ ಶಾಂತಿಯನ್ನು ಅರಸಿ ಹೊರಟವನು.

ಮರುವರ್ಷ, 1926ರಲ್ಲಿ, ಲಿಲಿ ಮಾಂಟಗು ಲಂಡನ್‌ನಲ್ಲಿ ಎಲ್ಲ ದೇಶಗಳ ಪ್ರಗತಿಪರ ಯಹೂದಿಗಳ ಒಕ್ಕೂಟ ಕಟ್ಟಿದರು. 1928ರಲ್ಲಿ ಒಕ್ಕೂಟದ ಮೊದಲ ಸಮ್ಮೇಳನ ನಡೆದದ್ದು ಬರ್ಲಿನ್ನಿನಲ್ಲಿ. ಆಗ ಅವರು ಯೋಹಾನಿಸ್ ಬೀದಿಯ ಆ ಸುಧಾರಣಾ ಸಭೆಯಲ್ಲಿ ನಿಂತು ಪ್ರವಚನ ಕೊಟ್ಟರು. ಜರ್ಮನಿಯ ಸಿನಗಾಗ್ ಒಂದರಲ್ಲಿ ಹೆಂಗಸು ಪ್ರವಚನ ಕೊಟ್ಟದ್ದು ಅದೇ ಮೊದಲು. ಮುಂದಿನ ಸಲ ಮಗಳ ಮನೆಗೆ ಹೋದಾಗ ಗುಮ್ಮಟ ನೋಡಿ ಹಾಗೇ ವಾಪಸು ಬರಬೇಡಿ. ಟುಖೋಲ್‌ಸ್ಕಿ ಬೀದಿಗೆ ತಿರುಗಿ ನಡೆಯಿರಿ. 9ನೇ ನಂಬರಿನ ಕಟ್ಟಡದ ಮುಂದೆ ಒಂದು ನಿಮಿಷ ನಿಲ್ಲಿ. ರೆಗೀನಾ ಯೋನಾಸ್ ಓದಿದ ವಿದ್ಯಾಪೀಠ ಅದು. ಅಲ್ಲಿಂದ ಯೋಹಾನಿಸ್ ಬೀದಿಗೆ ಕಾಲ್ನಡಿಗೆಯ ದಾರಿ.